ಬೃಂದಾವನ ಕಾಯಲಿ, ಕೂಲಿ ಕಾಯದು

ಕನ್ನಂಬಾಡಿ ಕಟ್ಟೆಯ ಬಳಿ ಡಿಸ್ನಿಲ್ಯಾಂಡ್ ಮಾಡ್ತೀವಿ, 125 ಅಡಿಯ ಕಾವೇರಿ ಮಾತೆಯನ್ನು ನಿಲ್ಲಿಸ್ತೀವಿ ಅಂದರು, 2018ರಲ್ಲಿ. ಮಾತೆ ನಿಲ್ಲಲಿಲ್ಲ. 2024ರಲ್ಲಿ ಬೃಂದಾವನಕ್ಕೆ, ಖಾಸಗಿಯವರ ಜೊತೆ ಸೇರಿ, 2,663 ಕೋಟಿಯ ಯೋಜನೆಗೆ ಸಚಿವ ಸಂಪುಟ ಒಪ್ಪಿತು. ಇದೂ ತಡವಾಗುತ್ತದೆ, ನೋಡ್ತಾ ಇರಿ. ಆಗಲಿ. ಬೆಸಗರಹಳ್ಳಿಯಲ್ಲಿ ಕೂತ ನಮಗೆ ಆ ಅವಸರವಿಲ್ಲ.

ಅದೇ ಕಟ್ಟೆಯ ವಿಶ್ವೇಶ್ವರಯ್ಯ ನಾಲೆಯ ಕೊನೆಗೆ, ಮದ್ದೂರು ಮಳವಳ್ಳಿ ಕಡೆಗೆ, ನೀರು ಬರೋದೇ ತಡ. 2023ರ ಬರದಲ್ಲಂತೂ ಕಟ್ಟೆಯೇ ತುಂಬಲಿಲ್ಲ. ನಾಟಿ ನಿಂತರೆ ಗದ್ದೆಯವನಿಗೆ ಬೆಳೆ ಪರಿಹಾರ ಅಂತ ಒಂದು ಅರ್ಜಿಯಾದರೂ ಇದೆ. ಗದ್ದೆಯೇ ಇಲ್ಲದ ನಮ್ಮ ಕೇರಿಯ ಹೆಂಗಸರ ಹೋದ ಕೂಲಿಗೆ ಯಾವ ಅರ್ಜಿ ಸ್ವಾಮಿ? ಪಾರ್ಕು ಬಂದರೆ ಕೆಲಸ ಸಿಗುತ್ತೆ ಅನ್ನಬೇಡಿ. ಯಾರ ಕೈಗೆ ಪೊರಕೆ ಕೊಡ್ತೀರಿ ಅನ್ನೋದು ನಮಗೆ ಗೊತ್ತು. ಕಾರಂಜಿಗೆ ಮುಂಚೆ ಕೊನೆ ತೂಬಿಗೆ ನೀರು ಬಿಡಿ, ನಿಂತ ನಾಟಿಯ ಕೂಲಿ ಕೊಡಿ.