ವಿಜ್ಞಾನಕ್ಕೆ ಕಥೆ ಬೇಡವೆನ್ನುವವರಿಗೆ

ವಿಜ್ಞಾನ ಬರೆಯುವವರು ಕಥೆ ಹೇಳಬಾರದು, ಸಾಹಿತ್ಯದ ಸೊಗಸು ಬಂದರೆ ಸತ್ಯ ಸಡಿಲವಾಗುತ್ತದೆ ಎನ್ನುವ ಮಿತ್ರರಿದ್ದಾರೆ. ಮಂಠಾಳದ ತೊಗರಿ ಹೊಲದ ಬದುವಿನಲ್ಲಿ ನಿಂತೇ ಅವರಿಗೆ ಉತ್ತರ ಕೊಡುತ್ತೇನೆ.

ಕಥೆಯೆಂದರೆ ಕಲ್ಪನೆ, ವಿಜ್ಞಾನಕ್ಕೆ ಬೇಕಾದದ್ದು ಸಾಕ್ಷ್ಯ ಎಂಬುದು ಅವರ ಮೊದಲ ಆಕ್ಷೇಪ. ಹೂ ಬಿಟ್ಟು ಕಾಯಿ ಕಟ್ಟುವ ಹೊತ್ತಿಗೆ ತೊಗರಿ ನಿಂತಲ್ಲೇ ಒಣಗುತ್ತದೆ. ನೆಟೆ ರೋಗ ಅಂತೀವಿ ನಾವು. ತೇವ ಸಾಲದಾಯಿತೇ? ಪಕ್ಕದ ಗಿಡ ಹಸಿರಾಗಿಯೇ ಇದೆ. ಹುಳು ತಿಂದಿತೇ? ಎಲೆಯಲ್ಲಿ ತೂತಿಲ್ಲ. ಕಾಂಡ ಸೀಳಿದರೆ ಒಳಗೆ ಕಂದುಗಪ್ಪು ಗೀರು ಕಾಣುತ್ತದೆ. ಮಣ್ಣಲ್ಲಿದ್ದ ಫ್ಯುಸೇರಿಯಂ ಶಿಲೀಂಧ್ರ ಬೇರಿನಿಂದ ಮೇಲೇರಿ ನೀರಿನ ನಾಳಗಳನ್ನು ಕಟ್ಟಿದೆ. ರಾಶಿಯಾದ ಮೇಲೂ ಅದು ಕೂಳೆಯಲ್ಲಿ ವರ್ಷಗಟ್ಟಲೆ ಬದುಕಿರುತ್ತದೆ. ಅದಕ್ಕೇ ಬೆಳೆ ಬದಲಿಸಬೇಕು, ಜೋಳದ ಜೊತೆ ಬೆರೆಸಿ ಬಿತ್ತಬೇಕು. ಇದೂ ಕಥೆಯೇ. ಇದರಲ್ಲಿ ಕಟ್ಟಿ ಹೇಳಿದ್ದು ಯಾವುದು? ‘ಬೆಳೆ ಪರಿವರ್ತನೆ ಕೈಗೊಳ್ಳತಕ್ಕದ್ದು’ ಎಂಬ ಒಂದೇ ಸಾಲು ಓದಿದ ರೈತ, ಕಾರಣ ತಿಳಿಯದೆ ಒಂದು ವರ್ಷದ ತೊಗರಿಯನ್ನು ಯಾಕೆ ಬಿಟ್ಟುಕೊಡಬೇಕು?

ಬರಹದಲ್ಲಿ ‘ನಾನು’ ಬಂದರೆ ವಸ್ತುನಿಷ್ಠತೆ ಹೋಯಿತು ಎನ್ನುತ್ತಾರೆ. 1960ರಲ್ಲಿ ನೊಬೆಲ್ ಪಡೆದ ಪೀಟರ್ ಮೆಡಾವರ್, ವೈಜ್ಞಾನಿಕ ಪ್ರಬಂಧವೇ ಒಂದು ವಂಚನೆಯೇ ಎಂದು 1963ರಲ್ಲಿ ಕೇಳಿದ್ದರು. ಸಂಶೋಧಕ ನಿಜವಾಗಿ ಯೋಚಿಸಿದ ಬಗೆಯನ್ನು ಪ್ರಬಂಧದ ಅಚ್ಚುಕಟ್ಟು ಮರೆಮಾಡುತ್ತದೆ ಎಂಬುದು ಅವರ ಆರೋಪ. ನನಗದು ಸರಿಯೆನಿಸುತ್ತದೆ: ‘ನಾನು’ ಅಳಿಸಿದರೆ ಆ ಯೋಚನೆಯ ದಾರಿಯೂ ಅಳಿಸಿಹೋಗುತ್ತದೆ.

ಶಾಸ್ತ್ರಕ್ಕೆ ಸಾಹಿತ್ಯ ಪರಕೀಯ ಎಂಬ ಮಾತನ್ನಂತೂ ನಮ್ಮ ಬಸವಕಲ್ಯಾಣ ತಾಲ್ಲೂಕಿನಲ್ಲಿ ಆಡಲೇಬಾರದು. ಇದೇ ಕಲ್ಯಾಣದಿಂದ ಆಳಿದ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ಆನೆ, ಅಡುಗೆ, ಔಷಧಿ, ಮೀನುಗಳ ಬಗೆ, ಅವಕ್ಕೆ ಹಾಕುವ ಆಹಾರ ಎಲ್ಲವನ್ನೂ ಸಂಸ್ಕೃತ ಪದ್ಯದಲ್ಲಿ ಬರೆದಿಟ್ಟ. ಚಾಲುಕ್ಯ ಮನೆತನದ ಕೀರ್ತಿವರ್ಮ ದನಕರುಗಳ ಚಿಕಿತ್ಸೆಗೆ ‘ಗೋವೈದ್ಯ’ವನ್ನು ಕನ್ನಡದಲ್ಲಿ ರಚಿಸಿದ. ಓಲೆಗರಿಯ ಕಾಲದಲ್ಲಿ ಛಂದಸ್ಸು ನೆನಪಿಗೂ ಆಸರೆ. ಇನ್ನು ನಮ್ಮ ಕಾಲದ ಬಿ.ಜಿ.ಎಲ್. ಸ್ವಾಮಿ. ಸಸ್ಯಗಳ ಅಂಗರಚನೆಯ ಕಟ್ಟುನಿಟ್ಟಿನ ಸಂಶೋಧನೆ ಮಾಡಿದ ಅದೇ ಕೈ, ವಿದ್ಯಾರ್ಥಿಗಳೊಂದಿಗೆ ಕಾಡು ಸುತ್ತಿದ್ದನ್ನು ‘ಹಸುರು ಹೊನ್ನು’ ಎಂದು ಬರೆಯಿತು. ಅದಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಲ್ಲಿ ನಗುತ್ತ ಓದಿದ ಗಿಡದ ಗುರುತು ಪಠ್ಯಪುಸ್ತಕದಲ್ಲಿ ಕಲಿತದ್ದಕ್ಕಿಂತ ಹೆಚ್ಚು ಕಾಲ ನನ್ನಲ್ಲಿ ಉಳಿದಿದೆ.

ಕಥೆಯ ಭರದಲ್ಲಿ ಉತ್ಪ್ರೇಕ್ಷೆ ನುಸುಳುತ್ತದೆ ಎಂಬ ಕೊನೆಯ ಆಕ್ಷೇಪವನ್ನು ಒಪ್ಪುತ್ತೇನೆ. ಶಿಲೀಂಧ್ರಕ್ಕೆ ಕೊಲೆಗಡುಕನ ವೇಷ ಹಾಕುವುದು ತಪ್ಪು. ಬೀಜೋಪಚಾರದ ಅಳತೆ ಹೇಳುವಾಗ ಉಪಮೆ ಬೇಡ, ಗ್ರಾಂ ಸಾಕು. ಆದರೆ ಕೆಟ್ಟ ಕಥನಕ್ಕೆ ಮದ್ದು ಒಳ್ಳೆಯ ಕಥನವೇ.

ರೈತರಿಗೆ ಕರಪತ್ರ ಬರೆಯುವವರಲ್ಲಿ ನನ್ನ ಕೋರಿಕೆ ಇಷ್ಟು: ಬರುವ ಮುಂಗಾರಿಗೆ ಮುಂಚೆ, ಸೀಳಿದ ಕಾಂಡದ ಚಿತ್ರದೊಂದಿಗೆ, ಆ ಗೀರು ಅಲ್ಲಿಗೆ ಹೇಗೆ ಬಂತೆಂಬುದನ್ನೂ ಮೊದಲಿಂದ ಕೊನೆಯವರೆಗೆ ಬರೆಯಿರಿ.