ದೋಣಿ ಕೊಳ್ಳಬೇಡಿ, ಹತ್ತಿ

(1/6)
ಹೋದ ಭಾನುವಾರ ಹಲಸೂರು ಕೆರೆ ಬೇಲಿ ಪಕ್ಕ ನಿಂತು ತೆಗೆದ ಫೋಟೋ ಇದು. ನೀರು, ದೂರದಲ್ಲಿ ಎರಡು ಬಿಳಿ ಹಾಯಿ, ಅಷ್ಟೇ. ಸ್ಟೋರಿಗೆ ಹಾಕಿದ ಐದು ನಿಮಿಷಕ್ಕೆ ನಮ್ಮ ಕ್ಲಾಸಿನವನೊಬ್ಬ ರಿಪ್ಲೈ ಮಾಡಿದ: "ಬಿಡು ಮಗಾ, ಅದು ದುಡ್ಡಿರೋರ ಆಟ. ಕುರುಬರಹಳ್ಳಿಯೋರಿಗೆ ಟೆರೇಸ್ ಮೇಲೆ ಗಾಳಿಪಟ ಸಾಕು."

ಅವನು ಹೇಳಿದ್ದು ಅರ್ಧ ಸರಿ, ಅರ್ಧ ತಪ್ಪು. ಸ್ಟೋರಿಯಲ್ಲಿ ಬರೆಯೋಕೆ ಜಾಗ ಸಾಲದು, ಅದಕ್ಕೇ ಈ ಆರು ಕ್ಯಾಪ್ಷನ್.

ಮೊದಲು ಗಾಳಿಪಟದ ವಿಷಯ. ಆಷಾಢದಲ್ಲಿ ಪಟ ಹಾರಿಸಿದವರಿಗೆ ಹಾಯಿದೋಣಿಯ ಮೊದಲ ಪಾಠ ಆಗಲೇ ಗೊತ್ತು. ಗಾಳಿ ಯಾವ ಕಡೆಯಿಂದ ಬರ್ತಿದೆ, ದಾರ ಯಾವಾಗ ಬಿಡಬೇಕು, ಯಾವಾಗ ಎಳೀಬೇಕು. ಹಾಯಿಗೂ ಹಗ್ಗ ಇದೆ, ಅದನ್ನೂ ಹಾಗೇ ಬಿಡೋದು, ಎಳೆಯೋದು. ಹಾಗಾಗಿ ಈ ಆಟ ನಮಗೆ ಅಷ್ಟೇನೂ ದೂರದ್ದಲ್ಲ.

ನನ್ನ ಅಭಿಪ್ರಾಯ ಒಂದೇ ಸಾಲು: ನಮ್ಮನ್ನ ದಡದಲ್ಲೇ ನಿಲ್ಲಿಸಿರೋದು ದುಡ್ಡಿಗಿಂತ ಹೆಚ್ಚಾಗಿ "ದೋಣಿ ಇದ್ರೆ ತಾನೇ ರೇಸು" ಅನ್ನೋ ನಂಬಿಕೆ.

(2/6)
ಫೋಟೋ 2: ನಮ್ಮ ರಸ್ತೆಯ ಗಲ್ಲಿ ಕ್ರಿಕೆಟ್. ದೋಣಿ ಪೋಸ್ಟಲ್ಲಿ ಇದ್ಯಾಕೆ ಅಂತೀರಾ? ಎರಡೂ ಟೀಮಿಗೂ ಒಂದೇ ಬ್ಯಾಟು, ನೋಡಿ. ಹಾಗಾಗಿ ಸೋತವನು ಬ್ಯಾಟಿನ ಮೇಲೆ ಹಾಕೋಕಾಗಲ್ಲ.

ಹಾಯಿದೋಣಿ ರೇಸಲ್ಲಿ ಇದೇ ಲೆಕ್ಕಕ್ಕೆ 'ಒನ್-ಡಿಸೈನ್' ಅಂತಾರೆ. ಎಲ್ಲ ದೋಣಿಯೂ ಒಂದೇ ಅಳತೆ, ಒಂದೇ ಆಕಾರ, ಒಂದೇ ಥರದ ಹಾಯಿ. ಇದು ಹಳೇ ಐಡಿಯಾ. 1887ರಲ್ಲಿ ಡಬ್ಲಿನ್ ಹತ್ತಿರ 'ವಾಟರ್ ವ್ಯಾಗ್' ಅನ್ನೋ ಸಣ್ಣ ದೋಣಿಗಳಿಂದ ಶುರುವಾಯ್ತು. ಅದಕ್ಕೆ ಮುಂಚೆ ದುಡ್ಡಿದ್ದೋರು ಹಳೇ ದೋಣಿಗಿಂತ ಜೋರಾಗಿ ಓಡೋ ಹೊಸ ದೋಣಿ ಕಟ್ಟಿಸಿ ಗೆಲ್ತಾ ಇದ್ರು. ಉಳಿದವರಿಗೆ ಬೇಜಾರಾಗಿ, ಎಲ್ಲರಿಗೂ ಒಂದೇ ದೋಣಿ ಅಂತ ನಿಯಮ ಮಾಡಿಕೊಂಡರು.

ಇವತ್ತಿಗೂ ಎಷ್ಟೋ ಒನ್-ಡಿಸೈನ್ ಕ್ಲಾಸ್‌ಗಳಲ್ಲಿ ವರ್ಷಕ್ಕೆ ಎಷ್ಟು ಹೊಸ ಹಾಯಿ ಕೊಳ್ಳಬಹುದು ಅನ್ನೋದಕ್ಕೂ ಮಿತಿ ಇದೆ. ಒಲಿಂಪಿಕ್ಸ್‌ನ ಐಎಲ್‌ಸಿಎ, ಅಂದ್ರೆ ಹಿಂದೆ ಲೇಸರ್ ಅಂತಿದ್ದ ದೋಣಿಯನ್ನ ಸ್ಪರ್ಧಿಗಳು ಮನೆಯಿಂದ ತರಲ್ಲ, ಅಲ್ಲೇ ಕೊಡ್ತಾರೆ. ದುಡ್ಡಿನ ಪಾತ್ರ ಪೂರ್ತಿ ಹೋಗಲ್ಲ, ಆದ್ರೆ ಕಡಿಮೆಯಂತೂ ಆಗುತ್ತೆ.

(3/6)
ಫೋಟೋ 3: ಶೋಕೇಸಲ್ಲಿರೋ ತಂಜಾವೂರು ಬೊಂಬೆ. ಎಷ್ಟು ತಳ್ಳಿದ್ರೂ ಮತ್ತೆ ಎದ್ದು ನಿಲ್ಲುತ್ತೆ, ಯಾಕಂದ್ರೆ ಭಾರ ಎಲ್ಲ ತಳದಲ್ಲಿದೆ. ಕೀಲ್‌ಬೋಟ್ ಕೂಡ ಹಾಗೇ. ದೋಣಿ ಹೊಟ್ಟೆಯ ಕೆಳಗೆ ಮೀನಿನ ರೆಕ್ಕೆ ಥರ ಒಂದು ಭಾರದ ಹಲಗೆ, ಅದೇ ಕೀಲ್. ಗಾಳಿ ದೋಣಿಯನ್ನ ವಾಲಿಸಿದ್ರೆ ಕೀಲ್ ಎಳೆದು ನಿಲ್ಲಿಸುತ್ತೆ. ಹಂಪಿಯ ಹರಿಗೋಲು ಗಿರಗಿರ ತಿರುಗೋದು ನೋಡಿದ್ದೀರಲ್ಲ? ಅದರ ತಳ ಚಪ್ಪಟೆ, ನೀರನ್ನ ಹಿಡಿಯೋಕೆ ಕೆಳಗೆ ಏನೂ ಇಲ್ಲ. ಕೀಲ್ ಇರೋ ದೋಣಿ ಹಿಡಿದ ದಾರೀಲೇ ಹೋಗುತ್ತೆ.

ಜಗತ್ತಲ್ಲಿ ತುಂಬಾ ಓಡೋ ಒನ್-ಡಿಸೈನ್ ಕೀಲ್‌ಬೋಟ್‌ಗಳಲ್ಲಿ ಜೆ/24 ಒಂದು. 24 ಅಡಿ ಉದ್ದ. ಅಮೆರಿಕದ ರಾಡ್ ಜಾನ್‌ಸ್ಟನ್ ಇದರ ಮೊದಲ ದೋಣಿಯನ್ನ ತನ್ನ ಮನೆ ಗ್ಯಾರೇಜಲ್ಲೇ ಕಟ್ಟಿದ್ದು. ಆಮೇಲೆ 5,000ಕ್ಕೂ ಹೆಚ್ಚು ತಯಾರಾದವು. ಸಾಮಾನ್ಯವಾಗಿ ಇದಕ್ಕೆ ಐದು ಜನ ಬೇಕು: ಒಬ್ಬರು ಚುಕ್ಕಾಣಿಗೆ, ಒಬ್ಬರು ದೊಡ್ಡ ಹಾಯಿಗೆ, ಒಬ್ಬರು ಮುಂದಿನ ಹಾಯಿಗೆ, ಒಬ್ಬರು ಕಂಬದ ಹತ್ತಿರ, ಒಬ್ಬರು ಮೂತಿ ಮೇಲೆ. ರೇಸಲ್ಲಿ ಐದೂ ಜನರ ತೂಕ ಸೇರಿ 400 ಕೆಜಿ ದಾಟಬಾರದು. ಸಣ್ಣಗಿದ್ದೀನಿ ಅಂತ ಬೇಜಾರು ಮಾಡ್ಕೊಳ್ಳೋರೇ, ಇಲ್ಲಿ ನಿಮಗೆ ಡಿಮ್ಯಾಂಡ್!

ಈಗ ಲೆಕ್ಕ ಹಾಕಿ. ದೋಣಿ ಒಂದು, ಮಾಲೀಕರು ಒಬ್ಬರು, ಸೀಟು ಐದು. ಅಂದ್ರೆ ಪ್ರತಿ ರೇಸಿಗೂ ಆ ಮಾಲೀಕರಿಗೆ ಇನ್ನೂ ನಾಲ್ಕು ಜನ ಬೇಕು. ಹತ್ತು ಜನ ದುಡ್ಡು ಹಾಕಿ ಟರ್ಫ್ ಬುಕ್ ಮಾಡೋರು ನಾವು. ಹಂಚಿಕೊಂಡು ಆಡೋದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

(4/6)
ಫೋಟೋ 4: ಮೆಜೆಸ್ಟಿಕ್ ಮೆಟ್ರೋ, ಜನವೋ ಜನ. ಮಹಾಲಕ್ಷ್ಮಿ ಸ್ಟೇಷನ್ನಲ್ಲಿ ಹಸಿರು ಲೈನ್ ಹತ್ತಿ, ಇಲ್ಲಿ ನೇರಳೆ ಲೈನಿಗೆ ಬದಲಾಯಿಸಿ, ಹಲಸೂರಲ್ಲಿ ಇಳಿದು ನಡೆದರೆ ಕೆರೆ. ನೆನಪಿರಲಿ, ನೀವು ರೈಲು ಬದಲಾಯಿಸೋ ಈ ಜಾಗವೇ ಒಂದು ಕಾಲದ ಧರ್ಮಾಂಬುಧಿ ಕೆರೆ.

ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರ ತೃಷ್ಣಾ ಸೇಲಿಂಗ್ ಕ್ಲಬ್ ಇದೆ. ಸೇನೆಯ ಎಂಜಿನಿಯರುಗಳು 1985ರಲ್ಲಿ ಹೊರಟು 1987ರಲ್ಲಿ ವಾಪಸಾಗಿ, ಜಗತ್ತನ್ನ ಸುತ್ತಿ ಬಂದ ಮೊದಲ ಭಾರತೀಯ ಹಾಯಿದೋಣಿಯ ಹೆಸರೂ ತೃಷ್ಣಾ. ಅದು 37 ಅಡಿಯದ್ದು. ಬಿಎಂಟಿಸಿ ಬಸ್ಸಿಗಿಂತ ಅಂಥಾ ಉದ್ದ ಏನಲ್ಲ.

ನೇರವಾಗಿ ಹೇಳಿಬಿಡ್ತೀನಿ: ಹಲಸೂರಿನಂಥ ಕೆರೆ ಕೀಲ್‌ಬೋಟ್ ರೇಸಿನ ಜಾಗ ಅಲ್ಲ. ಅದಕ್ಕೆ ಆಳ ಬೇಕು, ಅಗಲ ಬೇಕು, ನೀರಿಗೆ ಇಳಿಸೋಕೆ ಕ್ರೇನ್ ಬೇಕು. ಇಂಥ ಕೆರೆಗೆ ಡಿಂಗಿ, ಅಂದ್ರೆ ಚಿಕ್ಕ ದೋಣಿಗಳೇ ಸರಿ: ಮಕ್ಕಳಿಗೆ ಆಪ್ಟಿಮಿಸ್ಟ್, ದೊಡ್ಡವರಿಗೆ ಲೇಸರ್. ಅವೂ ಒನ್-ಡಿಸೈನೇ. ಅಲ್ಲಿ ಗಾಳಿ ಓದೋಕೆ ಕಲಿತರೆ ಆಮೇಲೆ ಕೀಲ್‌ಬೋಟಿಗೆ ಚೆನ್ನೈ, ಮುಂಬೈ ಇದೆ. ಚೆನ್ನೈ ಬಂದರಿನ ರಾಯಲ್ ಮದ್ರಾಸ್ ಯಾಚ್ ಕ್ಲಬ್ 1911ರದ್ದು. ಮುಂಬೈಯಲ್ಲಿ ಗೇಟ್‌ವೇ ಮುಂದೆ ಸೀಬರ್ಡ್, ಜೆ/80 ಕೀಲ್‌ಬೋಟುಗಳು ರೇಸ್ ಮಾಡ್ತವೆ.

(5/6)
ಫೋಟೋ 5: ಮತ್ತೆ ಅದೇ ಬೇಲಿ. ಈಗ ಗೆಳೆಯ ಹೇಳಿದ ಸರಿಯಾದ ಅರ್ಧ. ಬಾಗಿಲು ಎಲ್ಲಿದೆ ಅಂತ ನಮ್ಮಂಥೋರಿಗೆ ಯಾರೂ ಹೇಳಲ್ಲ. ಕ್ಲಬ್ ಅಂದ ತಕ್ಷಣ ಮೆಂಬರ್‌ಶಿಪ್, ಇಂಗ್ಲಿಷ್, ಶೂ ನೋಡೋ ವಾಚ್‌ಮನ್ ನೆನಪಾಗೋದು ಸುಳ್ಳಲ್ಲ.

ಆದ್ರೆ ಬಾಗಿಲು ತೆಗೆದ ಕಡೆ ಏನಾಯ್ತು ನೋಡಿ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ನೇಹಾ ಠಾಕೂರ್ ಐಎಲ್‌ಸಿಎ 4 ದೋಣಿಯಲ್ಲಿ ಬೆಳ್ಳಿ ಗೆದ್ದಾಗ ಅವಳಿಗೆ 17 ವರ್ಷ. ಮಧ್ಯಪ್ರದೇಶದ ದೇವಾಸ್ ಜಿಲ್ಲೆಯ ರೈತರ ಮಗಳು, ತರಬೇತಿ ಪಡೆದಿದ್ದು ಭೋಪಾಲದ ಸೇಲಿಂಗ್ ಶಾಲೆಯಲ್ಲಿ. ಭೋಪಾಲಲ್ಲಿ ಸಮುದ್ರ ಎಲ್ಲಿದೆ? ಇರೋದು ಕೆರೆ. ಹೈದರಾಬಾದಿನ ಹುಸೇನ್ ಸಾಗರದಲ್ಲೂ ಯಾಚ್ ಕ್ಲಬ್ ಆಫ್ ಹೈದರಾಬಾದ್ ಬಡ ಮನೆಗಳ ಮಕ್ಕಳಿಗೆ ದೋಣಿ ಕೊಟ್ಟು ಕಲಿಸಿ ರಾಷ್ಟ್ರಮಟ್ಟಕ್ಕೆ ತಂದಿದೆ.

ಹಾಗಾಗಿ ನಮ್ಮ ರಾಜ್ಯದಲ್ಲಿ ಹಾಯಿದೋಣಿ ಇಟ್ಟುಕೊಂಡಿರೋ ಎಲ್ಲರಿಗೂ ನನ್ನ ಬೇಡಿಕೆ ಚಿಕ್ಕದು. ತಿಂಗಳಿಗೊಂದು ದಿನ ಹೊಸಬರಿಗೆ ಒಂದು ಸೀಟು ಖಾಲಿ ಇಡಿ. ಸೇರೋ ನಿಯಮ, ಫೀಸು ಎಲ್ಲ ಕನ್ನಡದಲ್ಲಿ ಬೋರ್ಡ್ ಹಾಕಿ. ನೀರಿನ ವಿಷಯ, ಜವಾಬ್ದಾರಿ ಯಾರದು ಅಂತ ನೀವು ಕೇಳೋದು ನ್ಯಾಯವೇ. ಈಜು ಪರೀಕ್ಷೆ ಮಾಡಿ, ಲೈಫ್ ಜಾಕೆಟ್ ಕಡ್ಡಾಯ ಮಾಡಿ, ಮನೆಯವರ ಸಹಿ ತಗೊಳ್ಳಿ. ಬೇಲಿ ಒಂದೇ ಉತ್ತರ ಆಗಬಾರದು ಅಷ್ಟೇ.

ಇದರಲ್ಲಿ ಕೆರೆಗೂ ಲಾಭ ಇದೆ. 2016ರ ಮಾರ್ಚಲ್ಲಿ ಇದೇ ಕೆರೆಯಲ್ಲಿ ರಾಶಿ ರಾಶಿ ಮೀನು ಸತ್ತು ತೇಲಿದ್ದು ಟಿವಿಯಲ್ಲಿ ನೋಡಿದ ನೆನಪಿರಬಹುದು. ವಾರ ವಾರ ಅದೇ ನೀರಿಗೆ ಇಳಿಯೋರಿಗೆ ಅದರ ಬಣ್ಣ, ವಾಸನೆ ಬದಲಾದ್ರೆ ಮೊದಲು ಗೊತ್ತಾಗುತ್ತೆ. ಸುಮ್ಮನಿರೋಕೂ ಆಗಲ್ಲ.

(6/6)
ಕೊನೇ ಫೋಟೋ: ನನ್ನ ಬ್ಯಾಗು. ಟವೆಲ್, ನೀರಿನ ಬಾಟಲ್, ಒಂದು ಜೊತೆ ಹಳೇ ಬಟ್ಟೆ. ಶುರು ಮಾಡೋಕೆ ಇಷ್ಟು ಸಾಕು.

ಮೊದಲು ಈಜು ಕಲೀರಿ. ಮನೇಲಿ "ನೀರು, ಬೆಂಕಿ ಜೊತೆ ಸರಸ ಬೇಡ" ಅಂತಾರೆ, ಸರಿಯಾಗೇ ಹೇಳ್ತಾರೆ. ಜಗಳ ಆಡಬೇಡಿ, ಈಜುಕೊಳಕ್ಕೆ ಸೇರ್ತೀನಿ ಅನ್ನಿ. ಆಮೇಲೆ ಫೋನ್ ಮಾಡಿ ಅಥವಾ ಗೇಟಲ್ಲೇ ಕೇಳಿ: "ಸಾರ್, ಹೊಸಬರಿಗೆ ಕಲಿಸ್ತೀರಾ? ಕ್ರ್ಯೂಗೆ ಜನ ಬೇಕಾ?" ಸೇನೆಯ ಜಾಗ ಆಗಿದ್ರೆ ಒಳಗೆ ಬಿಡೋಕೆ ಅವರದೇ ನಿಯಮ ಇರುತ್ತೆ, ಮೊದಲೇ ವಿಚಾರಿಸಿ. ಇಲ್ಲ ಅಂದ್ರೆ ರೇಸ್ ದಿನ ಸಹಾಯಕ್ಕೆ ಬರಲಾ ಅಂತ ಕೇಳಿ. ಹಗ್ಗ ಸುತ್ತೋಕೆ, ದೋಣಿ ತೊಳೆಯೋಕೆ ಕೈ ಯಾವಾಗಲೂ ಕಮ್ಮಿ. ಹೇಳಿದ ಟೈಮಿಗೆ ಹೋಗಿ. ಸತತವಾಗಿ ಬರೋ ಹೊಸಬರನ್ನ ಯಾವ ನಾಯಕನೂ ಸುಮ್ಮನೆ ಕಳೆದುಕೊಳ್ಳಲ್ಲ.

ಎಲ್ಲ ಬಾಗಿಲೂ ತೆರೆಯುತ್ತೆ ಅಂತ ನಾನು ಹೇಳ್ತಿಲ್ಲ. ಕೇಳದೇ ಇದ್ರೆ ಒಂದೂ ತೆರೆಯಲ್ಲ. ನಮ್ಮ ಏರಿಯಾದಿಂದ ಐದು ಜನ ಆದ್ರೆ ಒಂದು ಕ್ರ್ಯೂ ಆಯ್ತು. ನಾನು ಒಬ್ಬ. ರಿಪ್ಲೈ ಮಾಡಿದ ಮಗಾ, ನೀನು ಎರಡನೆಯವನು, ಪಟದಲ್ಲಿ ನನಗಿಂತ ನಿನ್ನ ಕೈಯೇ ಪಳಗಿದೆ. ಉಳಿದ ಮೂವರು ಕಾಮೆಂಟಲ್ಲಿ ಕೈ ಎತ್ತಿ. ಬರೋ ಭಾನುವಾರ ಬೆಳಗ್ಗೆ ಆರೂವರೆ, ಕುರುಬರಹಳ್ಳಿ ಸರ್ಕಲ್. ಮೊದಲು ಈಜುಕೊಳಕ್ಕೆ.

#ಕುರುಬರಹಳ್ಳಿ #ಹಾಯಿದೋಣಿ #ಹಲಸೂರುಕೆರೆ #ದೋಣಿಹತ್ತಿ