ತುಳಿತ ನಿಲ್ಲದ ಸೈಕಲ್

ಕೊಪ್ಪಳದ ನಮ್ಮ ಕಾಲೇಜಿಗೆ ಹೋಗಿಬರಲೂ, ರವಿವಾರ ಗೆಳೆಯರೊಡನೆ ಗಂಗಾವತಿಯ ಭತ್ತದ ಗದ್ದೆಗಳ ನಡುವೆ ಆನೆಗೊಂದಿಯವರೆಗೆ ಸಾಗಲೂ ಫಿಕ್ಸೆಡ್ ಗೇರ್ ಸೈಕಲ್ ಕೊಳ್ಳುವ ಹಂಬಲ ನನ್ನದು. ಇದಕ್ಕೆ ಫ್ರೀವೀಲ್ ಇಲ್ಲ. ಗಾಲಿ ಉರುಳುವವರೆಗೂ ಪೆಡಲ್ ತಿರುಗಲೇಬೇಕು. ಇಳಿಜಾರಿನಲ್ಲಿಯೂ ಕಾಲಿಗೆ ವಿರಾಮವಿಲ್ಲ. ಟ್ರ್ಯಾಕ್ ಪಂದ್ಯಗಳಲ್ಲಿ ಬ್ರೇಕಿಲ್ಲದ ಇಂಥ ಸೈಕಲ್ಲೇ ನಿಯಮ. ಅಲ್ಲಿ ಎದುರಿಗೆ ಬರುವವರಿಲ್ಲ. ನಮ್ಮ ದಾರಿಯಲ್ಲಿ ಟ್ರ್ಯಾಕ್ಟರುಗಳುಂಟು, ಎಮ್ಮೆಗಳುಂಟು.

“ಇದು ಕರ್ಮಯೋಗಿಯ ವಾಹನ” ಎಂದು ಮನೆಯಲ್ಲಿ ಬಣ್ಣಿಸಿದೆ.

“ಖರೇರಿ, ಆದ್ರ ಎಮ್ಮಿ ಅಡ್ಡ ಬಂದ್ರ ಯೋಗ ಮಾಡ್ತೀರೇನು, ಬ್ರೇಕ್ ಹಿಡೀತೀರೇನು?” ಎಂದಳು ಮಡದಿ.

ನಿರುತ್ತರನಾದೆ. ಎರಡೂ ಗಾಲಿಗಳಿಗೆ ಬ್ರೇಕ್ ಹಾಕಿಸಿಯೇ ಸೈಕಲ್ ಮನೆಗೆ ತರುವುದೆಂದು ತೀರ್ಮಾನವಾಗಿದೆ. ವಾಚಕರೇ, ನಿಲ್ಲದೆ ತುಳಿಯುವವನಿಗಾಗಿಯೂ ಸಂಜೆ ಬಾಗಿಲಲ್ಲಿ ಕಾಯುವವರಿರುತ್ತಾರಲ್ಲವೆ?